ಮಿನಿಯಾಪೊಲಿಸ್‌ಗೆ ಹೋಗಿ ಸ್ಯಾಮ್ ಡಾರ್ನಲ್ಡ್ ಆಟ ನೋಡ್ಕೊಂಡ್ ಬಂದ್ವಿ

2024ರ ಡಿಸೆಂಬರ್ 7, ಶನಿವಾರ ಬೆಳಗ್ಗೆ ಆರಕ್ಕೆ ಮನೆ ಬಿಟ್ವಿ, ನಾನು, ನನ್ ಹೆಂಡ್ತಿ, ತಮ್ಮ. ಶಿಕಾಗೊ ಹತ್ರದ ನೇಪರ್‌ವಿಲ್‌ನಿಂದ ಮಿನಿಯಾಪೊಲಿಸ್‌ಗೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ, ಡಬ್ಬಿಲಿ ಚಪಾತಿ, ಚಟ್ನಿಪುಡಿ, ಚಿತ್ರಾನ್ನ. ಮ್ಯಾಡಿಸನ್ ದಾಟಿದ್ಮೇಲೆ ವಿಸ್ಕಾನ್ಸಿನ್ ಪೂರ್ತಿ ಕಟಾವಾದ ಮೆಕ್ಕೆಜೋಳದ ಹೊಲ, ಕೆಂಪು ಬಣ್ಣದ ದನದ ಕೊಟ್ಟಿಗೆಗಳು, ಎಲೆ ಉದುರಿದ ಮರಗಳು. ಹಡ್ಸನ್ ಹತ್ರ ಸೇಂಟ್ ಕ್ರಾಯ್ ನದಿ ದಾಟಿದ್ರೆ ಮಿನೆಸೋಟ.

ಇಷ್ಟು ದೂರ ಹೋಗಿದ್ದು ಒಂದೇ ಒಂದು ಫುಟ್‌ಬಾಲ್ ಮ್ಯಾಚ್‌ಗೆ, ಅದೂ ಒಬ್ಬನೇ ಒಬ್ಬ ಆಟಗಾರನಿಗೋಸ್ಕರ, ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್‌ಗೋಸ್ಕರ. ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ದೆ ಇರೋರಿಗೆ ಹೇಳ್ತೀನಿ, ಕ್ವಾರ್ಟರ್‌ಬ್ಯಾಕ್ ಅಂದ್ರೆ ಪ್ರತಿ ಸಲ ಬಾಲ್ ಕೈಗೆ ತಗೊಂಡು ಯಾರಿಗೆ ಎಸೀಬೇಕು, ಯಾರಿಗೆ ಕೊಡ್ಬೇಕು ಅಂತ ಕ್ಷಣದಲ್ಲಿ ತೀರ್ಮಾನ ಮಾಡೋನು, ಗೆದ್ರೆ ಅವನಿಂದ, ಸೋತ್ರೂ ಅವನಿಂದ್ಲೇ ಅಂತಾರೆ. ಡಾರ್ನಲ್ಡ್‌ನ 2018ರಲ್ಲಿ ನ್ಯೂಯಾರ್ಕ್ ಜೆಟ್ಸ್ ಟೀಮ್ ಡ್ರಾಫ್ಟ್‌ನ (ಹೊಸ ಆಟಗಾರರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಮೂರನೇ ಆಯ್ಕೆಯಾಗಿ ತಗೊಂಡಿತ್ತು, ಆಗ ಅವನಿಗೆ ಇನ್ನೂ 21 ಆಗಿರ್ಲಿಲ್ಲ. ಮೊದಲ ಮ್ಯಾಚ್‌ನ ಮೊದಲ ಪಾಸೇ ಎದುರಾಳಿ ಕೈಗೆ ಹೋಗಿ ಅವರಿಗೇ ಟಚ್‌ಡೌನ್ (ಬಾಲ್ ಕೊನೆ ಗೆರೆ ದಾಟಿಸಿ ಪಾಯಿಂಟ್ ತಗೊಳ್ಳೋದು) ಆಯ್ತು. ಮುಂದಿನ ವರ್ಷ ಪೇಟ್ರಿಯಟ್ಸ್ ಮೇಲೆ 33-0 ಸೋಲು, ನಾಲ್ಕು ಇಂಟರ್‌ಸೆಪ್ಷನ್ (ಎದುರಾಳಿ ಹಿಡ್ಕೊಂಡ ಪಾಸ್), ಸೈಡ್‌ಲೈನಲ್ಲಿ ಕೂತು ನಂಗೆ ದೆವ್ವಗಳು ಕಾಣ್ತಿವೆ ಅಂತ ಅವ್ನು ಅಂದಿದ್ದು ಮೈಕಲ್ಲಿ ರೆಕಾರ್ಡ್ ಆಗಿ ದೇಶಕ್ಕೆಲ್ಲ ಕೇಳಿಸ್ತು. ಸುತ್ತ ಯಾವ ಕಡೆಯಿಂದ ಯಾರು ಬಂದು ಕೆಡವ್ತಾರೋ ಅನ್ನೋ ಭಯ ಅದು, ಅದನ್ನ ಹಿಡ್ಕೊಂಡು ಜನ ವರ್ಷಗಟ್ಟಲೆ ನಕ್ರು. 2021ರಲ್ಲಿ ಕ್ಯಾರೊಲೈನಾಗೆ ಕಳ್ಸಿದ್ರು, ಅಲ್ಲೂ ಮುಂದಿನ ವರ್ಷ ಅವನ ಜಾಗಕ್ಕೆ ಇನ್ನೊಬ್ಬನ್ನ ತಂದ್ರು, 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ಯಾಕಪ್ ಆಗಿ ಬೆಂಚಲ್ಲಿ ಕೂತ. ಆಮೇಲೆ ಮಿನೆಸೋಟದ ಟೀಮ್ ವೈಕಿಂಗ್ಸ್ ಒಂದೇ ಒಂದು ವರ್ಷಕ್ಕೆ, 10 ಮಿಲಿಯನ್ ಡಾಲರ್‌ಗೆ ಕರೀತು.

ನಂಗೆ ಇವನ ಮೇಲೆ ಯಾಕಿಷ್ಟು ಪ್ರೀತಿ ಅಂದ್ರೆ, 2022ರಲ್ಲಿ ನಾನು ಕೆಲಸ ಮಾಡ್ತಿದ್ದ ಕಂಪನಿಲಿ ನನ್ನ ಪಿಐಪಿಗೆ (ಕೆಲಸ ಸಾಲ್ದು, ಸುಧಾರಿಸ್ಕೋ ಅಂತ ಕೊಡೋ ಗಡುವು) ಹಾಕಿದ್ರು. ಆಮೇಲೆ ಒಂದು ಇಮೇಲ್ ಕಳ್ಸಕ್ಕೂ ಕೈ ನಡುಗೋದು, ಬರ್ದು ಅಳ್ಸಿ ಬರ್ದು ಅಳ್ಸಿ, ಮೀಟಿಂಗಲ್ಲಿ ಗೊತ್ತಿರೋ ಉತ್ತರಾನೂ ಬಾಯಿಗೆ ಬರ್ತಿರ್ಲಿಲ್ಲ. ಬೇರೆ ಕಡೆ ಸೇರಿ ಆರೇ ತಿಂಗಳಿಗೆ ನಾನು ಮೊದಲಿನ ಥರ ಆದೆ, ನಾನೇನೂ ಹೊಸದು ಕಲ್ತಿರ್ಲಿಲ್ಲ, ಪಕ್ಕದಲ್ಲಿ ಕೂತಿರೋ ಜನ ಬೇರೆ, ಅಷ್ಟೆ. ಆ ದಿನಗಳಲ್ಲಿ ತಮ್ಮ ಡಾರ್ನಲ್ಡ್ ಕಥೆ ಹೇಳ್ತಿದ್ದ, "ನೋಡ್ತಿರು ಅಣ್ಣ, ಇವನಿಗೆ ಒಂದು ಒಳ್ಳೆ ಟೀಮ್ ಸಿಗ್ಲಿ" ಅಂತಿದ್ದ.

ರಾತ್ರಿ ಬ್ಲೂಮಿಂಗ್ಟನ್‌ನಲ್ಲಿ ಉಳ್ಕೊಂಡು ಭಾನುವಾರ ಮಾಲ್ ಆಫ್ ಅಮೆರಿಕಾದಿಂದ ಬ್ಲೂ ಲೈನ್ ಟ್ರೇನ್ ಹತ್ತಿದ್ವಿ, ಸ್ಟೇಡಿಯಮ್ ಬಾಗ್ಲಿಗೇ ಇಳಿಸುತ್ತೆ, ಪಾರ್ಕಿಂಗ್ ತಲೆನೋವಿಲ್ಲ. ಹೋಗೋರು 50ನೇ ಸ್ಟ್ರೀಟ್/ಮಿನ್ನೆಹಾಹಾ ಪಾರ್ಕ್ ಸ್ಟೇಷನಲ್ಲಿ ಇಳ್ದು ಜಲಪಾತ ನೋಡಿ, ನಮಗೆ ಟೈಮ್ ಇರ್ಲಿಲ್ಲ. ಬ್ಯಾಗ್ ಒಯ್ಯೋದಾದ್ರೆ ಒಳಗಿರೋದು ಕಾಣೋ ಪ್ಲಾಸ್ಟಿಕ್ ಬ್ಯಾಗೇ ಆಗ್ಬೇಕು, ಇದು ನೆನಪಿಟ್ಕೊಳ್ಳಿ.

2016ರಲ್ಲಿ ಶುರುವಾದ ಯು.ಎಸ್. ಬ್ಯಾಂಕ್ ಸ್ಟೇಡಿಯಮ್ ಹೊರಗಿಂದ ಹಡಗಿನ ಮೂತಿ ಥರ ಚೂಪಾಗಿದೆ. ಒಳಗೆ ಹೋದ್ರೆ ಚಾವಣಿಯ ಅರ್ಧಕ್ಕಿಂತ ಹೆಚ್ಚು ಭಾಗ ಪಾರದರ್ಶಕ, ಡಿಸೆಂಬರ್ ಬಿಸಿಲು ನೇರ ಮೈದಾನಕ್ಕೆ ಬೀಳುತ್ತೆ, ಚಳಿ ಮಾತ್ರ ಇಲ್ಲ, ಎಲ್ರೂ ಕೋಟ್ ಬಿಚ್ಚಿ ನೇರಳೆ ಜರ್ಸಿಲಿ. ಶುರುವಾಗೋಕ್ ಮುಂಚೆ ದೊಡ್ಡ ಕೊಂಬು ಊದ್ತಾರೆ, ಗ್ಯಾಲರ್‌ಹಾರ್ನ್ ಅಂತ, ನಮ್ಮೂರ ಜಾತ್ರೆಲಿ ಕೊಂಬು ಕಹಳೆ ಊದಿದಾಗ ಎದೆ ಒಳಗೆ ಹೆಂಗೆ ಕೇಳಿಸುತ್ತೋ ಹಂಗೇ. ಆಮೇಲೆ ಡ್ರಮ್ ಏಟಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೈ ಮೇಲೆತ್ತಿ ಚಪ್ಪಾಳೆ ಹೊಡ್ದು "ಸ್ಕೋಲ್" ಅಂತಾರೆ, ಅದು ವೈಕಿಂಗ್ಸ್ ಜನರ ಜೈಕಾರ.

ಅವತ್ತಿನ ಎದುರಾಳಿ ಅಟ್ಲಾಂಟಾ ಫಾಲ್ಕನ್ಸ್, ಅವರ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್. ಆರು ಸೀಸನ್ ಇದೇ ವೈಕಿಂಗ್ಸ್‌ಗೆ ಆಡಿದವ್ನು, ಮಾರ್ಚಲ್ಲಷ್ಟೇ 4 ವರ್ಷಕ್ಕೆ 180 ಮಿಲಿಯನ್‌ವರೆಗಿನ ಒಪ್ಪಂದಕ್ಕೆ ಹೋದವ್ನು. ಅವನ ಜಾಗಕ್ಕೇ ಡಾರ್ನಲ್ಡ್ ಬಂದಿದ್ದು, ಅದೂ ಡ್ರಾಫ್ಟಲ್ಲಿ ತಂದ ಹುಡುಗ ಮೆಕಾರ್ಥಿ ತಯಾರಾಗೋವರೆಗೆ ಅಂತ, ಆ ಹುಡುಗನಿಗೆ ಆಗಸ್ಟಲ್ಲಿ ಮಂಡಿ ಪೆಟ್ಟಾಗಿ ಸೀಸನ್ನೇ ಹೋಯ್ತು. ನಮ್ ಪಕ್ಕ ಕೂತಿದ್ದ ಅಜ್ಜ ಹಳೇ ಕಸಿನ್ಸ್ 8 ನಂಬರ್ ಜರ್ಸಿಲೇ ಬಂದಿದ್ರು, ಆದ್ರೆ ಕೂಗ್ತಿದ್ದಿದ್ದು ಡಾರ್ನಲ್ಡ್‌ಗೆ.

ನಂಗೆ ಮನಸ್ಸಲ್ಲಿ ಉಳ್ದಿರೋದು ಸದ್ದಲ್ಲ, ನಿಶ್ಶಬ್ದ. ಕಸಿನ್ಸ್ ಕೈಲಿ ಬಾಲ್ ಇದ್ದಾಗ ಕಿವಿ ಕಿತ್ತೋಗೋ ಹಂಗೆ ಕಿರುಚೋ ಜನ, ಡಾರ್ನಲ್ಡ್ ಬಂದು ನಿಂತ ತಕ್ಷಣ ಗಪ್‌ಚುಪ್. ಯಾಕಂದ್ರೆ ಅವ್ನು ಹೇಳೋದು ಜೊತೆಗಾರರಿಗೆ ಕೇಳಿಸ್ಬೇಕು. ಹೆಲ್ಮೆಟ್ ಒಳಗಿನ ಸ್ಪೀಕರಲ್ಲಿ ಕೋಚ್ ಮಾತು ಬರುತ್ತೆ, ಮುಂದಿನ ಆಟ ಶುರು ಮಾಡೋಕೆ ಇಟ್ಟಿರೋ ಗಡಿಯಾರದಲ್ಲಿ 15 ಸೆಕೆಂಡ್ ಉಳ್ದಾಗ ಅದು ಕಟ್, ಆಮೇಲೆ ಅವ್ನೇ ನೋಡ್ಕೋಬೇಕು. ನಾನು ಅವನ ಕಾಲನ್ನೇ ನೋಡ್ತಿದ್ದೆ. ಮುಂದೆ ಐದು ಜನ ಗೋಡೆ ಥರ ನಿಂತಿರ್ತಾರೆ, ಅವರ ಹಿಂದೆ ಎರಡು ಹೆಜ್ಜೆ ಸರ್ಕೊಂಡು, ಕಾಲು ಊರಿ, ಪಕ್ಕದಲ್ಲಿ ಜನ ನುಗ್ತಾ ಇದ್ರೂ ಕಣ್ಣು ದೂರ ಇಟ್ಕೊಂಡು, ಅವಸರ ಇಲ್ದೆ ಎಸೀತಿದ್ದ. ಜೆಟ್ಸಲ್ಲಿ ಒದ್ದಾಡ್ತಿದ್ದ ಕಾಲು ಅದೇನಾ ಅನ್ನಿಸ್ತು.

ಸೆಕೆಂಡ್ ಹಾಫಲ್ಲಿ ಒಂದು ಸಲ 21-21 ಆಯ್ತು. ತಮ್ಮ ಮಾತೇ ಬಿಟ್ಟ, ಅಜ್ಜ ಎರಡೂ ಕೈ ಜೋಡಿಸ್ಕೊಂಡ್ರು, ಹಳೇ ಡಾರ್ನಲ್ಡ್ ಆಗಿದ್ರೆ ಇಲ್ಲೇ ಎಡವ್ತಿದ್ದ ಅಂತ ಎಲ್ರಿಗೂ ಗೊತ್ತು. ಅವ್ನು ಎಡವಲಿಲ್ಲ. 42-21 ಗೆಲುವು, ಪಾಸಲ್ಲೇ 347 ಯಾರ್ಡ್, 5 ಟಚ್‌ಡೌನ್ ಪಾಸ್, ಅವನ ಪಾಸ್ ಹಿಡಿಯೋ ಜೊತೆಗಾರರಲ್ಲಿ ಮೂರು ಆಡಿಸನ್‌ಗೆ, ಎರಡು ಜೆಫರ್ಸನ್‌ಗೆ, ಒಂದೂ ಇಂಟರ್‌ಸೆಪ್ಷನ್ ಇಲ್ಲ, ಅವನ ಬದುಕಿನ ಅತಿ ಒಳ್ಳೆ ಮ್ಯಾಚ್. ಐದನೇದು ಆದಾಗ ನನ್ ಹೆಂಡ್ತಿ, ಆಟದ ರೂಲ್ಸ್ ಅರ್ಧ ಗೊತ್ತಿಲ್ದೇ ಇರೋಳು, ಅಳ್ತಿದ್ಲು. ನನ್ ಕೈ ಗಟ್ಟಿ ಹಿಡ್ಕೊಂಡಿದ್ಲು.

ವಾಪಸ್ ಬರ್ತಾ ತಮ್ಮ ಡ್ರೈವ್ ಮಾಡ್ದ, ಓ ಕ್ಲೇರ್‌ವರೆಗೂ ಇದೇ ಮಾತು. ಕೋಚ್ ಕೆವಿನ್ ಒಕಾನಲ್ ತಾನೂ ಕ್ವಾರ್ಟರ್‌ಬ್ಯಾಕ್ ಆಗಿದ್ದವ್ನು, ಹುಡುಗರು ಟೀಮ್‌ನ ಕೆಡಿಸೋಕ್ ಮುಂಚೆ ಟೀಮೇ ಹುಡುಗರನ್ನ ಕೆಡಿಸುತ್ತೆ ಅಂತ ಬಾಯ್ಬಿಟ್ಟು ಹೇಳಿದವ್ನು. ಕ್ವಾರ್ಟರ್‌ಬ್ಯಾಕ್ ಕೋಚ್ ಜಾಶ್ ಮೆಕೌನ್ ಅಂತೂ 2018ರಲ್ಲಿ ಜೆಟ್ಸಲ್ಲಿ ಡಾರ್ನಲ್ಡ್ ಜೊತೆಲೇ ಆಡಿದ್ದ ಹಿರಿಯ. ಬಿದ್ದಿದ್ದನ್ನ ಕಣ್ಣಾರೆ ನೋಡಿದವ್ನೇ ಎಬ್ಬಿಸಕ್ಕೆ ಪಕ್ಕದಲ್ಲಿದ್ದ ಅನ್ನೋದು ನಂಗೆ ತುಂಬಾ ದೊಡ್ಡದಾಗಿ ಕಂಡಿತು.

ಆ ಸೀಸನ್ 14 ಗೆಲುವು, 35 ಟಚ್‌ಡೌನ್ ಪಾಸ್. ಕೊನೆ ಮಾತ್ರ ನೋವಾಯ್ತು, ಡೆಟ್ರಾಯ್ಟಲ್ಲಿ 31-9 ಸೋಲು, ಪ್ಲೇಆಫಲ್ಲಿ (ಸೀಸನ್ ಆದ್ಮೇಲಿನ ನಾಕೌಟ್ ಮ್ಯಾಚಲ್ಲಿ) ರ‍್ಯಾಮ್ಸ್ ಮೇಲೆ 27-9 ಸೋಲು, ಆ ಒಂದೇ ಮ್ಯಾಚಲ್ಲಿ 9 ಸಲ ಅವನ್ನ ನೆಲಕ್ಕೆ ಕೆಡವಿದ್ರು. ಅವತ್ತು ನಮ್ಮನೇಲಿ ಯಾರಿಗೂ ಊಟ ಸೇರ್ಲಿಲ್ಲ. ಮಾರ್ಚಲ್ಲಿ ಸಿಯಾಟಲ್ ಸೀಹಾಕ್ಸ್ 3 ವರ್ಷಕ್ಕೆ 100.5 ಮಿಲಿಯನ್ ಕೊಟ್ಟು ಕರ್ಕೊಂಡಿತು ಅನ್ನೋ ಸುದ್ದಿ ಬಂದಾಗ ನಾನು ಆಫೀಸಲ್ಲಿದ್ದೆ. ತಮ್ಮನ ಮೆಸೇಜ್ ಬಂತು, "ಅಣ್ಣಾ, ಸಿಯಾಟಲ್‌ಗೆ ಡ್ರೈವ್ ಆಗಲ್ಲ, ಫ್ಲೈಟ್ ನೋಡು."