ವೈನ್ ಎಷ್ಟು ವರ್ಷ ಇಡಬೇಕ್ರಿ?

ನಾಸಿಕ್‌ನ ಒಂದು ವೈನರಿಯ ಲ್ಯಾಬಿನಲ್ಲಿ ಕೆಲಸ ಮಾಡಿ ರಾಯಚೂರಿಗೆ ಮರಳಿದವನು ನಾನು. ಈ ವಿಷಯ ಗೊತ್ತಾದವರೆಲ್ಲ, ಮದುವೆ ಮನೆಯಲ್ಲಿ ಸಿಕ್ಕರೂ ಟೀ ಅಂಗಡಿಯಲ್ಲಿ ಸಿಕ್ಕರೂ, ಕೇಳುವುದು ಒಂದೇ ಪ್ರಶ್ನೆ: “ಸರ, ವೈನ್ ಹಳೇದಾದಂಗ ರುಚಿ ಜಾಸ್ತಿ ಆಗತೈತಂತಲ್ರಿ? ನಮ್ಮನ್ಯಾಗ ಒಂದು ಬಾಟ್ಲಿ ಐತಿ, ಎಷ್ಟು ವರ್ಷ ಇಡಬೇಕ್ರಿ?”

ಇಡಬೇಡ್ರಿ, ಈ ತಿಂಗಳೇ ತೆಗೀರಿ ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ನಿಂತ ನಿಲುವಿನಲ್ಲಿ ಎಲ್ಲವನ್ನೂ ವಿವರಿಸುವುದಕ್ಕೆ ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯದೇ ಒಳ್ಳೆಯದು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಸಿಂಧನೂರು, ಮಾನ್ವಿ ಕಡೆಯ ಸೋನಾ ಮಸೂರಿಯನ್ನೇ ತಗೊಳ್ಳಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ವರ್ಷ ಕಳೆದ ಅಕ್ಕಿ ಉದುರುದುರಾಗಿ ಅರಳುತ್ತದೆ. ಹಳೆ ಅಕ್ಕಿಗೆ ಅಂಗಡಿಯವರು ಎರಡು ರೂಪಾಯಿ ಹೆಚ್ಚು ಹೇಳಿದರೂ ಯಾರೂ ತಕರಾರು ಮಾಡುವುದಿಲ್ಲ. ಅದೇ ಲೆಕ್ಕವನ್ನು ಬಾಟಲಿಗೂ ಹಾಕುತ್ತಾರೆ. ಇನ್ನು ವಿಸ್ಕಿಯಿಂದ ಬಂದ ಗೊಂದಲ ಬೇರೆ. ವಿಸ್ಕಿಯ ಲೇಬಲ್ ಮೇಲೆ 12 ವರ್ಷ ಎಂದಿದ್ದರೆ ಅದು ಓಕ್ ಮರದ ಪೀಪಾಯಿಯಲ್ಲಿ ಕಳೆದ ಕಾಲ. ಬಾಟಲಿಗೆ ಇಳಿದ ದಿನವೇ ಅದರ ವಯಸ್ಸು ನಿಂತಿತು. ವೈನ್‌ನ ಕಥೆ ಬೇರೆ. ಅದರಲ್ಲಿ ಆಲ್ಕೋಹಾಲ್ ಇರುವುದು ಸಾಮಾನ್ಯವಾಗಿ ಶೇ. 12ರಿಂದ 14. ಉಳಿದದ್ದರಲ್ಲಿ ಬಹುಪಾಲು ನೀರು, ಜೊತೆಗೆ ದ್ರಾಕ್ಷಿಯ ಹುಳಿ, ಸಿಪ್ಪೆಯ ಬಣ್ಣ, ಒಗರು, ನೂರಾರು ಬಗೆಯ ಪರಿಮಳದ ಅಣುಗಳು. ಮುಚ್ಚಿದ ಬಾಟಲಿಯೊಳಗೂ ಇವು ಕೂಡುತ್ತ, ಒಡೆಯುತ್ತ, ಬದಲಾಗುತ್ತಲೇ ಇರುತ್ತವೆ. ಆ ಬದಲಾವಣೆಯೆಲ್ಲ ಒಳ್ಳೆಯದಕ್ಕೇ ಆಗಬೇಕೆಂದಿಲ್ಲ.

ಜಗತ್ತಿನಲ್ಲಿ ತಯಾರಾಗುವ ವೈನ್‌ನಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ಫ್ರಾನ್ಸಿನ ಬೋಜೊಲೆ ನೂವೊ ಅಂತೂ ದ್ರಾಕ್ಷಿ ಕೊಯ್ದ ಕೆಲವೇ ವಾರಗಳಲ್ಲಿ, ಪ್ರತಿ ನವೆಂಬರ್‌ನ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ. ಗೋವಾದಿಂದ ನಮ್ಮವರು ಹೊತ್ತು ತರುವ ಸಿಹಿ ಪೋರ್ಟ್ ಕೂಡ ಇಡುವ ವೈನ್ ಅಲ್ಲ. ಹೆಸರು ಪೋರ್ಚುಗಲ್‌ನ ಪೋರ್ಟ್‌ನದೇ ಇದ್ದರೂ ಎರಡಕ್ಕೂ ಬಹಳ ದೂರ. ಪೋರ್ಚುಗಲ್‌ನ ದೌರೊ ಕಣಿವೆಯಲ್ಲಿ ಹುದುಗುತ್ತಿರುವ ವೈನ್‌ಗೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಹುದುಗುವುದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಹಣ್ಣಿನ ಸಕ್ಕರೆ ಹಾಗೇ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಹತ್ತಿರ ಹೋಗುತ್ತದೆ. ಅಂಥದ್ದು ದಶಕಗಟ್ಟಲೆ ಬಾಳುತ್ತದೆ.

ಹಾಗೆ ಬಾಳುವ ವೈನ್‌ಗಳ ಬಗ್ಗೆ ನನಗೆ ಅಪಾರ ಗೌರವವಿದೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಲೇಬಲ್ ನೋಡದೆ ರುಚಿ ನೋಡಿ, ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನರಿಯ 1973ರ ಕೆಂಪು ವೈನ್‌ಗೆ ಮೊದಲ ಸ್ಥಾನ ಕೊಟ್ಟರು. ಕ್ಯಾಲಿಫೋರ್ನಿಯಾದ್ದು ಎಳೆಯದಿದ್ದಾಗ ಸರಿ, ವಯಸ್ಸಾದ ಮೇಲೆ ಫ್ರಾನ್ಸಿನ ಬೋರ್ಡೊ ಪ್ರದೇಶದ ವೈನ್ ಮುಂದೆ ನಿಲ್ಲುವುದಿಲ್ಲ ಎಂಬ ವಾದ ಎದ್ದಿತು. 2006ರಲ್ಲಿ, ಸರಿಯಾಗಿ ಮೂವತ್ತು ವರ್ಷದ ನಂತರ, ಅವೇ ಕೆಂಪು ವೈನ್‌ಗಳನ್ನು ಮತ್ತೆ ತೆರೆದರು. ಈ ಸಲವೂ ಗೆದ್ದದ್ದು ಕ್ಯಾಲಿಫೋರ್ನಿಯಾದ್ದೇ: ರಿಡ್ಜ್ ಮಾಂಟೆ ಬೆಲ್ಲೊ, 1971ರದ್ದು. ಸುಮಾರು 35 ವರ್ಷವಾದರೂ ಅದರಲ್ಲಿ ಕಸುವಿತ್ತು.

ಆ ಕಸುವು ಎಲ್ಲಿಂದ ಬರುತ್ತದೆ? ಎಳೆಯ ಕೆಂಪು ವೈನ್ ಬಾಯಿಗೆ ಹಾಕಿದರೆ ಒಸಡು, ನಾಲಿಗೆ ಬಿಗಿ ಹಿಡಿದಂತಾಗುತ್ತದೆ. ಅದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್‌ನ ಒಗರು. ವರ್ಷಗಳು ಉರುಳಿದಂತೆ ಟ್ಯಾನಿನ್ ಮತ್ತು ಬಣ್ಣದ ಅಣುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುತ್ತವೆ, ಕೆಲವು ಗಷ್ಟಾಗಿ ತಳ ಸೇರುತ್ತವೆ. ಒಗರು ಮೆತ್ತಗಾಗುತ್ತದೆ, ನೇರಳೆ ಮಿಶ್ರಿತ ಕೆಂಪು ನಿಧಾನವಾಗಿ ತಿಳಿಯಾಗುತ್ತ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಿಳಿ ವೈನ್‌ನದು ಇದಕ್ಕೆ ತಿರುಗುಮುರುಗು, ವಯಸ್ಸಾದಂತೆ ಬಣ್ಣ ಗಾಢವಾಗುತ್ತ ಬಂಗಾರಕ್ಕೆ, ಆಮೇಲೆ ಕಂದು ಬಣ್ಣಕ್ಕೆ ಹೋಗುತ್ತದೆ. ಪರಿಮಳದಲ್ಲಿ ತಾಜಾ ಹಣ್ಣು ಹಿಂದೆ ಸರಿದು ಒಣದ್ರಾಕ್ಷಿ, ತಂಬಾಕು, ಚರ್ಮ, ಹಸಿ ಮಣ್ಣು ಇವೆಲ್ಲ ಮುಂದೆ ಬರುತ್ತವೆ. ಅಂದರೆ ವಯಸ್ಸು ಒಂದನ್ನು ಕೊಡುವಾಗ ಇನ್ನೊಂದನ್ನು ಕಸಿದುಕೊಂಡೇ ಕೊಡುತ್ತದೆ. ಹಣ್ಣು, ಹುಳಿ, ಒಗರು ಮೊದಲೇ ತೆಳುವಾಗಿದ್ದ ವೈನ್‌ನಲ್ಲಿ ಕಸಿದ ಮೇಲೆ ಉಳಿಯುವುದಕ್ಕೆ ಏನೂ ಇರುವುದಿಲ್ಲ. ಚೆನ್ನಾಗಿ ಮಾಗಿದ ಹಳೆಯ ವೈನ್ ಕೊಟ್ಟರೂ ಎಷ್ಟೋ ಜನಕ್ಕೆ ಅದರ ತಂಬಾಕು, ಚರ್ಮದ ವಾಸನೆ ಹಿಡಿಸುವುದಿಲ್ಲ. ಅಂಥವರಿಗೆ ರುಚಿ ಗೊತ್ತಿಲ್ಲ ಅನ್ನುವುದು ಅನ್ಯಾಯ. ಹಣ್ಣಿನ ರುಚಿ ಇಷ್ಟಪಡುವುದೂ ರುಚಿ ಬಲ್ಲವರ ಲಕ್ಷಣವೇ.

ಈಗ ನಮ್ಮೂರಿನ ಮಾತು. ಆ ಮಾಗುವಿಕೆ ನಡೆಯುವುದು 12ರಿಂದ 14 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ, ಉಷ್ಣಾಂಶ ಹೆಚ್ಚು ಏರಿಳಿಯದ ನೆಲಮಾಳಿಗೆಗಳಲ್ಲಿ. ರಾಯಚೂರಿನ ಏಪ್ರಿಲ್, ಮೇ ತಿಂಗಳ ಬಿಸಿಲು 40 ದಾಟುತ್ತದೆ. ಆರ್‌ಸಿಸಿ ಮನೆಯ ಸಜ್ಜಾದ ಮೇಲೆ ರಾತ್ರಿಯೂ ತಣಿಯುವುದಿಲ್ಲ. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಹಾಗಿದ್ದರೆ ನಮ್ಮಲ್ಲಿ ವೈನ್ ಬೇಗ ಮಾಗಬೇಕಲ್ಲ ಎಂದು ಬುದ್ಧಿವಂತರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಎಲ್ಲ ಕ್ರಿಯೆಗಳೂ ಒಂದೇ ಸಮನಾಗಿ ವೇಗ ಹಿಡಿಯುವುದಿಲ್ಲ. ತಂಪಿನಲ್ಲಿ ನಡೆಯದೇ ಇರುವ ಕೆಲವು ಕ್ರಿಯೆಗಳು ಬಿಸಿಯಲ್ಲಿ ಶುರುವಾಗಿಬಿಡುತ್ತವೆ, ಆಗ ಆಗುವುದು ಮಾಗುವುದಲ್ಲ, ಬೇಯುವುದು.

ದೇವದುರ್ಗದ ಕಡೆಯ ನೆಂಟರೊಬ್ಬರು ಉಡುಗೊರೆಯಾಗಿ ಬಂದ ಒಂದು ಬಾಟಲಿಯನ್ನು ಮಗಳ ಮದುವೆ ಗೊತ್ತಾದಾಗ ತೆಗೆಯೋಣ ಎಂದು ಬೀರುವಿನ ಮೇಲೆ ನಿಲ್ಲಿಸಿಟ್ಟಿದ್ದರು. ಒಳ್ಳೆಯ ಕೆಂಪು ವೈನ್, ಕೊಟ್ಟವರು ಪ್ರೀತಿಯಿಂದ ಆರಿಸಿ ಕೊಟ್ಟಿದ್ದು. ಮುಚ್ಚಳದ ಹಾಳೆ ಬಿಡಿಸಿದಾಗ ಕಾರ್ಕ್ ಬಾಟಲಿಯ ಅಂಚಿಗಿಂತ ಎರಡು ಮಿಲಿಮೀಟರ್ ಮೇಲೆದ್ದಿತ್ತು, ಕುತ್ತಿಗೆಯ ಸುತ್ತ ಅಂಟಂಟಾದ ಕಪ್ಪು ಕಲೆ. ಬೇಸಿಗೆಯಲ್ಲಿ ವೈನ್ ಹಿಗ್ಗಿ ಕಾರ್ಕನ್ನು ನೂಕಿದೆ, ಚಳಿಗಾಲದಲ್ಲಿ ಕುಗ್ಗಿ ಅದೇ ಸಂದಿನಿಂದ ಗಾಳಿ ಎಳೆದುಕೊಂಡಿದೆ. ಗ್ಲಾಸಿಗೆ ಬಗ್ಗಿಸಿದರೆ ಬಣ್ಣ ಡಿಕಾಕ್ಷನ್‌ನಂತೆ ಕಂದು. ಮೂಗಿಗೆ ಬಡಿದದ್ದು ಕುದಿಸಿದ ಒಣದ್ರಾಕ್ಷಿ, ಸೀದ ಬೆಲ್ಲ, ಅದರ ಹಿಂದೆಯೇ ನೇಲ್ ಪಾಲಿಶ್‌ನ ಘಾಟು. ಬಾಯಲ್ಲಿ ಬರೀ ಹುಳಿ ಮತ್ತು ಉರಿ. “ಹಳೇ ವೈನ್ ಅಂದ್ರ ಹಿಂಗ ಇರತೈತೇನ್ಪಾ?” ಎಂದು ಕೇಳುತ್ತ ಅವರು ಗ್ಲಾಸ್ ಪೂರ್ತಿ ಮುಗಿಸಲು ಹೊರಟಿದ್ದರು. ಬೇಡ ಕಾಕಾ ಎಂದು ಕೈ ಹಿಡಿದು ನಿಲ್ಲಿಸಿದೆ. ನನಗೆ ಸಂಕಟವಾಗುವುದು ಇಲ್ಲಿಯೇ. ತಂದ ವರ್ಷವೇ ತೆಗೆದಿದ್ದರೆ ಮನೆಮಂದಿಗೆಲ್ಲ ಅದು ಚೆಂದದ ಒಂದು ಸಂಜೆ ಆಗುತ್ತಿತ್ತು.

ಬಿಸಿಲಿಗೆ ಜಗ್ಗದ ವೈನ್ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಟ್ಲಾಂಟಿಕ್‌ನ ನಡುವೆ ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪವಿದೆ. ಅಲ್ಲಿನ ಪೀಪಾಯಿಗಳು ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟಿ ಹೋಗುತ್ತಿದ್ದಾಗ, ಆ ಸೆಕೆಯಲ್ಲಿ ವೈನ್ ಕೆಡುವ ಬದಲು ರುಚಿಯಾಗುತ್ತದೆ ಎಂಬುದು ವ್ಯಾಪಾರಿಗಳ ಗಮನಕ್ಕೆ ಬಂತು. ಆಮೇಲೆ ಬರೀ ಸೆಕೆ ತಿನ್ನಿಸಲೆಂದೇ ಪೀಪಾಯಿಗಳನ್ನು ಹಡಗಿನಲ್ಲಿ ಕಳಿಸಿ ವಾಪಸ್ ತರಿಸುತ್ತಿದ್ದರು. ಈಗ ಅಗ್ಗದ ಮದೀರಾವನ್ನು ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. ಉತ್ತಮ ದರ್ಜೆಯದು ಬೆಚ್ಚನೆಯ ಅಟ್ಟಗಳಲ್ಲಿ ವರ್ಷಗಟ್ಟಲೆ ಪೀಪಾಯಿಯಲ್ಲೇ ಕೂರುತ್ತದೆ. ಸ್ಪಿರಿಟ್ ಬೆರೆತದ್ದು, ಹುಳಿ ಹೆಚ್ಚಿರುವ ದ್ರಾಕ್ಷಿಯದು, ಗಾಳಿ ಮತ್ತು ಶಾಖ ಎರಡನ್ನೂ ಮೊದಲೇ ಉಂಡದ್ದು. ಇನ್ನು ಅದನ್ನು ಕೆಡಿಸಲು ನಮ್ಮ ಬಿಸಿಲಿಗೆ ಏನೂ ಉಳಿದಿಲ್ಲ. ನಿಮ್ಮ ಮನೆಯ ಬೀರುವಿನ ಮೇಲಿರುವುದು ಮದೀರಾ ಆಗಿದ್ದರೆ ಮಾತ್ರ ನನ್ನ ಸಲಹೆ ಅನ್ವಯಿಸುವುದಿಲ್ಲ.

ಎಷ್ಟು ವರ್ಷ ಇಡಬೇಕು ಎಂಬುದಕ್ಕಿಂತ ಹೇಗೆ ರುಚಿ ನೋಡಬೇಕು ಎಂದು ಜನ ಕೇಳಲಿ ಎಂಬುದು ನನ್ನ ಆಸೆ. ಅದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ತೆಳು ಗ್ಲಾಸು ಇದ್ದರೆ ಒಳ್ಳೆಯದು, ಮೂರನೇ ಒಂದು ಭಾಗ ಮಾತ್ರ ಬಗ್ಗಿಸಿ. ಬಿಳಿ ಹಾಳೆಯ ಮೇಲೆ ಗ್ಲಾಸು ವಾಲಿಸಿ ಅಂಚಿನ ಬಣ್ಣ ನೋಡಿ. ಕೆಂಪು ವೈನ್‌ನ ವಯಸ್ಸು ಮೊದಲು ಕಾಣುವುದು ಅಂಚಿನಲ್ಲಿ. ಅಲ್ಲಾಡಿಸದೆ ಒಮ್ಮೆ ಮೂಸಿ, ಗ್ಲಾಸು ತಿರುಗಿಸಿ ಮತ್ತೊಮ್ಮೆ ಮೂಸಿ. ಎರಡರ ನಡುವಿನ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಒದ್ದೆ ಗೋಣಿಚೀಲ, ಬೂಷ್ಟು ಹಿಡಿದ ಕಾಗದದ ವಾಸನೆ ಬಂದರೆ ಕಾರ್ಕ್‌ನಿಂದ ಕೆಟ್ಟದ್ದು, ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಗುಟುಕು ಬಾಯಲ್ಲಿ ಎಲ್ಲ ಕಡೆ ಓಡಾಡಿಸಿ. ಬಾಯಿಯ ಎರಡೂ ಬದಿಯಲ್ಲಿ ನೀರೂರಿಸಿದರೆ ಹುಳಿ, ಒಸಡು ಒಣಗಿಸಿದರೆ ಒಗರು, ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ನುಂಗಿದ ಮೇಲೆ, ಅಥವಾ ನಾವು ಲ್ಯಾಬಿನಲ್ಲಿ ಮಾಡುತ್ತಿದ್ದಂತೆ ಉಗುಳಿದ ಮೇಲೆ, ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸಿ. ತಕ್ಷಣ ಮಾಯವಾಗುವ ವೈನ್ ಹತ್ತು ವರ್ಷ ಇಟ್ಟರೂ ಉದ್ದವಾಗುವುದಿಲ್ಲ.

ಪರಿಮಳಕ್ಕೆ ಹೆಸರು ಕೊಡುವಾಗ ಜನ ಹಿಂಜರಿಯುತ್ತಾರೆ. ಬಾಟಲಿಯ ಹಿಂದೆ ಬ್ಲ್ಯಾಕ್‌ಕರಂಟ್ ಎಂದು ಬರೆದಿರುತ್ತದೆ, ನಮ್ಮಲ್ಲಿ ಅದನ್ನು ತಿಂದವರು ಯಾರಿದ್ದಾರೆ? ನೇರಳೆ ಹಣ್ಣು ಅನ್ನಿಸಿದರೆ ನೇರಳೆ ಎನ್ನಿ, ಪೇರಲ ಅನ್ನಿಸಿದರೆ ಪೇರಲ ಎನ್ನಿ. ಎಷ್ಟೋ ಸಲ ಇದು ಬರೀ ಅನ್ನಿಸಿಕೆಯೂ ಅಲ್ಲ. ಕ್ಯಾಬರ್ನೆ ಸಾವಿನ್ಯೋಂ ಎಂಬ ದ್ರಾಕ್ಷಿಯ ಕೆಂಪು ವೈನ್‌ನಲ್ಲಿ ಬರುವ ಡೊಣ್ಣೆಮೆಣಸಿನಕಾಯಿಯ ವಾಸನೆಗೂ, ನಾವು ಪಲ್ಯಕ್ಕೆ ಹೆಚ್ಚುವ ಡೊಣ್ಣೆಮೆಣಸಿನಕಾಯಿಯ ವಾಸನೆಗೂ ಕಾರಣ ಒಂದೇ ಅಣು. ಓಕ್ ಪೀಪಾಯಿಯಿಂದ ಬರುವ ಲವಂಗದ ವಾಸನೆ ಲವಂಗದಲ್ಲಿರುವ ಯೂಜಿನಾಲ್‌ನದೇ. ಶಿರಾಜ್ ವೈನ್‌ನ ಕಾಳುಮೆಣಸಿನ ಘಮಕ್ಕೆ ರೊಟಂಡೋನ್ ಎಂಬ ಅಣು ಕಾರಣ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು, ಕಾಳುಮೆಣಸಿನಲ್ಲಿ ಇರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಪಕ್ಕದವರಿಗೆ ಮೆಣಸು ಸಿಕ್ಕು ನಿಮಗೆ ಸಿಗದಿದ್ದರೆ ನೀವು ಆ ಒಬ್ಬರಿರಬಹುದು, ಅಷ್ಟೇ.

ಊಟದ ಬಗ್ಗೆ ಒಂದೇ ಮಾತು: ಒಗರಿನ ಕೆಂಪು ವೈನ್ ಖಾರವನ್ನು ಇನ್ನೂ ಉರಿಸುತ್ತದೆ. ಮಿರ್ಚಿ ಭಜಿ, ಎಣ್ಣೆಗಾಯಿ ಜೊತೆ ತುಸು ಸಿಹಿ ಇರುವ ತಣ್ಣನೆಯ ಶೆನಾ ಬ್ಲಾಂಕ್ ಎಂಬ ಬಿಳಿ ವೈನ್ ಹಿತ.

ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ, ಅದು ದ್ರಾಕ್ಷಿ ಕೊಯ್ದ ವರ್ಷ. ಮಹಾರಾಷ್ಟ್ರ ಮತ್ತು ನಮ್ಮ ಕಡೆ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ನನ್ನ ಲೆಕ್ಕದಲ್ಲಿ ನಮ್ಮ ದೇಶದ ಬಿಳಿ ವೈನ್ ಎರಡು ವರ್ಷದೊಳಗೆ, ಸಾಧಾರಣ ಕೆಂಪು ಮೂರು ವರ್ಷದೊಳಗೆ ಮುಗಿಯಬೇಕು. ಪೀಪಾಯಿಯಲ್ಲಿ ಇಟ್ಟು ತೆಗೆದ ಒಳ್ಳೆಯ ಶಿರಾಜ್, ಹಂಪಿ ಹಿಲ್ಸ್ ಲೇಬಲ್‌ನ ಕ್ಯಾಬರ್ನೆಯಂಥವು ತಂಪಿನಲ್ಲಿದ್ದರೆ ಇನ್ನೂ ಕೆಲವು ವರ್ಷ ತಾಳುತ್ತವೆ. ಅಂಗಡಿಯ ಶೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟಲಿ ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಎಂದು ಕೇಳಿ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳದ್ದು. ಇಲ್ಲಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಉಳಿದದ್ದನ್ನು ಮುಚ್ಚಿ ಫ್ರಿಜ್‌ಗೇ ಹಾಕಿ, ಎರಡು ಮೂರು ದಿನದಲ್ಲಿ ಮುಗಿಸಿ.

ಇಷ್ಟಾದರೂ ವಯಸ್ಸಿನ ರುಚಿ ನೋಡಲೇಬೇಕು ಎಂಬ ಕುತೂಹಲ ಇದ್ದರೆ ಅದಕ್ಕೆ ವರ್ಷಗಟ್ಟಲೆ ಕಾಯುವ ಅಗತ್ಯವಿಲ್ಲ. ಬೆಂಗಳೂರಿಗೆ ಹೋದಾಗ ದೊಡ್ಡ ಅಂಗಡಿಯಲ್ಲಿ, ಏಸಿ ಇರುವ ಕಡೆ, ಒಂದೇ ವೈನರಿಯ ಒಂದೇ ಕೆಂಪು ವೈನ್‌ನ ಎರಡು ಬೇರೆ ಬೇರೆ ವರ್ಷದ ಬಾಟಲಿ ಹುಡುಕಿ, ನಡುವೆ ಮೂರು ನಾಲ್ಕು ವರ್ಷದ ಅಂತರ ಇರಲಿ. ರಾತ್ರಿ ಬಸ್ಸಿನಲ್ಲಿ ತನ್ನಿ, ಹಗಲು ಹೊತ್ತು ಕಾರಿನ ಡಿಕ್ಕಿಯಲ್ಲಿ ಬೇಡ. ಒಂದು ವಾರ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಬಿಟ್ಟು, ನಾಲ್ಕೈದು ಜನ ಸೇರಿದ ದಿನ ಎರಡನ್ನೂ ಒಟ್ಟಿಗೆ ತೆಗೆಯಿರಿ. ಎಳೆಯದನ್ನು ಮೊದಲು, ಹಳೆಯದನ್ನು ಆಮೇಲೆ, ಮತ್ತೆ ತಿರುಗಿ ಎಳೆಯದನ್ನು. ಅಂಚಿನ ಬಣ್ಣ, ಒಗರು, ಹಣ್ಣು ಎಷ್ಟಿದೆ ಎಂಬ ಮೂರೇ ಸಂಗತಿಗಳನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ, ಬರೆದಾದ ಮೇಲೆಯೇ ಮಾತಾಡಲಿ.