ಇದು ಬೇರೆ ಕಲರ್, ನಂದು ಪಿಂಕು

ಶಿವಮೊಗ್ಗದಲ್ಲಿ ಜುಲೈ ಮಳೆ ಹಿಡಿದರೆ ಬಿಡೋದಿಲ್ಲ. ಆ ವಾರ ನರ್ಸರಿಯಲ್ಲಿ ಅರ್ಧ ಮಕ್ಕಳಿಗೆ ಜ್ವರ ಇತ್ತು. ನಮ್ಮ ನಾಲ್ಕು ವರ್ಷದ ಮಗಳೂ ಬುಧವಾರ ಮನೆಗೆ ಬಂದವಳೇ ಬ್ಯಾಗು ಬಿಟ್ಟು ಸೋಫಾ ಮೇಲೆ ಮುದುಡಿ ಮಲಗಿದಳು. ಮುಟ್ಟಿದರೆ ಹೊಟ್ಟೆ ಕಾದ ಕಾವಲಿಯ ಹಾಗಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 102.4.

ಸಂಜೆಯೇ ಡಾಕ್ಟರ್ ಹತ್ತಿರ ಹೋದೆವು. ಗಂಟಲು ಸ್ವಲ್ಪ ಕೆಂಪಾಗಿದೆ, ವೈರಲ್ ಇರಬೇಕು, ಈಗಲೇ ಆಂಟಿಬಯಾಟಿಕ್ ಬೇಡ ಅಂದರು. ತೂಕ ನೋಡಿದರು, 14 ಕೆಜಿ. ಪ್ಯಾರಾಸಿಟಮಾಲ್ ಸಿರಪ್ 8 ಎಂಎಲ್, ಬೇಕಾದರೆ ಮಾತ್ರ, ಆರು ಗಂಟೆಗೊಮ್ಮೆ ಅಂತ ಬರೆದುಕೊಟ್ಟರು. ನಾನು ಆ 8 ಅನ್ನೋ ಅಂಕಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ತಪ್ಪು ಶುರುವಾಗಿದ್ದು ಅಲ್ಲೇ.

ಗುರುವಾರ ರಾತ್ರಿ ಬಾಟಲಿ ಖಾಲಿಯಾಯಿತು. ಗಂಡ ಮಳೆಯಲ್ಲೇ ಹೋಗಿ, ತೆರೆದಿದ್ದ ಒಂದು ಮೆಡಿಕಲ್ ಶಾಪಿನಿಂದ ಹೊಸದು ತಂದರು. ನಮಗೆ ಬೇಕಾದದ್ದು ಅಲ್ಲಿ ಇರಲಿಲ್ಲವಂತೆ, 'ಇದೂ ಅದೇ ಸಾರ್, ಕಂಪನಿ ಬೇರೆ ಅಷ್ಟೇ' ಅಂತ ಕೊಟ್ಟರಂತೆ. ರಾತ್ರಿ ಒಂದೂವರೆಗೆ ಅವಳು ನರಳುತ್ತಾ ಎದ್ದಳು. ಹಿಂದಿನ ಡೋಸ್ ಕೊಟ್ಟು ಏಳು ಗಂಟೆ ಆಗಿತ್ತು. ದೊಡ್ಡ ಲೈಟ್ ಹಾಕಿದರೆ ಅಳುತ್ತಾಳೆ ಅಂತ ನೈಟ್ ಲ್ಯಾಂಪಿನ ಬೆಳಕಿನಲ್ಲೇ ಸೀಲ್ ಒಡೆದು, ಅಳತೆ ಮುಚ್ಚಳದಲ್ಲಿ 8 ಎಂಎಲ್ ಸುರಿದು ಬಾಯಿ ಹತ್ತಿರ ಹಿಡಿದೆ. ಅವಳು ಮುಖ ತಿರುಗಿಸಿದಳು. 'ಇದು ಬೇರೆ ಕಲರ್. ನಂದು ಪಿಂಕು.'

ಸುಮ್ನೆ ಹಟ ಅಂದುಕೊಂಡೆ. ಆದರೂ ಸಮಾಧಾನ ಮಾಡೋಣ ಅಂತ ಲೈಟ್ ಹಾಕಿ ಬಾಟಲಿ ತೋರಿಸಲು ಹೋದೆ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ 5 ಎಂಎಲ್‌ಗೆ 250 ಎಂಜಿ ಅಂತ ಇತ್ತು. ಹಳೆಯ ಬಾಟಲಿಯನ್ನು ಕಸದ ಬುಟ್ಟಿಯಿಂದ ತೆಗೆದು ನೋಡಿದೆ. ಅದರಲ್ಲಿ 120.

ನನ್ನ ಕೈ ನಡುಗಿತು. ಹೊಸ ಸಿರಪ್‌ನಲ್ಲಿ 8 ಎಂಎಲ್ ಅಂದರೆ 400 ಎಂಜಿ. ಡಾಕ್ಟರ್ ಲೆಕ್ಕ ಹಾಕಿದ್ದು ಸುಮಾರು 200ಕ್ಕೆ. ಒಂದು ಕೆಜಿ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಎಂಜಿ, ಮಕ್ಕಳಿಗೆ ಪ್ಯಾರಾಸಿಟಮಾಲ್ ಲೆಕ್ಕ ಇಷ್ಟೇ. ಹಾಗಾಗಿ ಹೊಸ ಬಾಟಲಿಯಲ್ಲಿ ಅವಳಿಗೆ ಬೇಕಾಗಿದ್ದು ಬರೀ 4 ಎಂಎಲ್. ಬೆಳಿಗ್ಗೆ ಫೋನ್ ಮಾಡಿ ಕೇಳಿದಾಗ ಡಾಕ್ಟರ್ ಹೇಳಿದರು: ಒಂದು ಸಲ ಹೀಗಾದರೆ ದೊಡ್ಡ ಅಪಾಯ ಆಗುವ ಸಾಧ್ಯತೆ ಕಡಿಮೆ, ಆದರೆ ಗೊತ್ತಿಲ್ಲದೆ ದಿನಕ್ಕೆ ನಾಲ್ಕು ಸಲ, ಮೂರು ನಾಲ್ಕು ದಿನ ಹಾಗೇ ಕೊಡುತ್ತಾ ಹೋಗಿದ್ದರೆ ಲಿವರ್‌ಗೆ ಪೆಟ್ಟು ಬೀಳಬಹುದಿತ್ತು. ನಾನು ಹಾಗೇ ಕೊಡುತ್ತಾ ಹೋಗುತ್ತಿದ್ದೆ, ಅದೇ ನನ್ನನ್ನು ಕಾಡುವುದು. ಪುಟ್ಟ ಮಕ್ಕಳ ಡ್ರಾಪ್ಸ್ ಬಾಟಲಿಗಳಲ್ಲಿ ಒಂದೇ ಎಂಎಲ್‌ಗೆ 100 ಎಂಜಿ ಇರುತ್ತದೆ. ಅದನ್ನು ಸಿರಪ್ ಅಂತ ಅಳೆದುಬಿಟ್ಟರೆ ಏನಾಗಬಹುದು, ಯೋಚಿಸಿ. ಔಷಧಿ ಹೆಸರು ಒಂದೇ, ಎಂಎಲ್ ಒಂದೇ ಅಲ್ಲ.

ಆ ರಾತ್ರಿ 4 ಎಂಎಲ್ ಕೊಟ್ಟೆ. ಮುಕ್ಕಾಲು ಗಂಟೆಯಲ್ಲಿ ಬೆವರು ಬಂತು. ಜ್ವರ 103ರಿಂದ 101ಕ್ಕೆ ಇಳಿದು ಅಲ್ಲೇ ನಿಂತಿತು. ಮೊದಲಾಗಿದ್ದರೆ ಇನ್ನೂ ಇಳಿದಿಲ್ಲ ಅಂತ ಇನ್ನೊಂದು ಡೋಸ್ ಕೊಡುತ್ತಿದ್ದೆನೇನೋ. ಆದರೆ ಅವಳು ಎದ್ದು ಕೂತು ನೀರು ಕೇಳಿದಳು, ಗೊಂಬೆ ಕೇಳಿದಳು. ಮಗುವಿಗೆ ಹಾಯೆನಿಸಿದರೆ ಸಾಕು, ಥರ್ಮಾಮೀಟರ್ 98ಕ್ಕೆ ಬರಲೇಬೇಕು ಅಂತ ಇಲ್ಲ. ಅಮ್ಮ ಕಂಬಳಿ ತಂದಿದ್ದರು, ಐಸ್ ನೀರಿನ ಬಟ್ಟೆಯನ್ನೂ ಹಿಂಡಿ ಇಟ್ಟುಕೊಂಡಿದ್ದರು. ಎರಡೂ ಬೇಡ ಅಂದೆ. ಐಸ್ ನೀರಿಗೆ ಮಗು ನಡುಗುತ್ತದೆ, ನಡುಗಿದರೆ ಮೈ ಇನ್ನೂ ಕಾಯುತ್ತದೆ. ಅಮ್ಮನಿಗೆ ಬೇಜಾರಾಯಿತು. ಆದರೂ ಬೆಳಗಿನ ಜಾವದವರೆಗೂ ಚಮಚದಲ್ಲಿ ಗಂಜಿ ತಿಳಿ ಕುಡಿಸುತ್ತಾ ಕೂತವರು ಅವರೇ.

ಶುಕ್ರವಾರ ನೆಂಟರೊಬ್ಬರು ಫೋನ್‌ನಲ್ಲಿ, ಐಬುಪ್ರೊಫೇನ್ ಸೇರಿರೋ ಸಿರಪ್ ಕೊಡಿ, ಒಂದೇ ಏಟಿಗೆ ಇಳಿಯುತ್ತೆ ಅಂದರು. ನಮ್ಮ ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ಇದು ಡೆಂಗಿ ಕಾಲ, ಡೆಂಗಿ ಅಲ್ಲ ಅಂತ ಗೊತ್ತಾಗೋವರೆಗೆ ಅದು ಬೇಡ, ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತೆ ಅಂತ. ಅಂಥ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ನಮ್ಮ ಬಾಟಲಿಯ ಜೊತೆ ಅದನ್ನೂ ಕೊಟ್ಟರೆ ಮತ್ತೆ ಡಬಲ್ ಡೋಸ್. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಅಂತೂ ಕೊಡಲೇಬಾರದು.

ಡಾಕ್ಟರ್ ಹೇಳಿದ ಇನ್ನಷ್ಟು ಮಾತನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಡ್ಜ್ ಮೇಲೆ ಅಂಟಿಸಿದೆ. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಉಸಿರಾಟ ಜೋರಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ವಾಂತಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಸರಿ, ಹೊರಡಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮನೆಯಲ್ಲಿ ಔಷಧಿ ಕೊಟ್ಟು ಕಾಯೋ ಮಾತೇ ಇಲ್ಲ. ಅದರ ಕೆಳಗೆ ಎರಡು ಗೆರೆ ಎಳೆದು, ಕೊಟ್ಟ ಸಮಯ, ಎಷ್ಟು ಎಂಎಲ್, ಯಾರು ಕೊಟ್ಟರು ಅಂತ ಬರೆಯೋಕೆ ಜಾಗ ಬಿಟ್ಟೆ. ಅಮ್ಮನೂ ಬರೆದರು, ಗಂಡನೂ ಬರೆದರು.

ಶನಿವಾರ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ತಾನಾಗಿಯೇ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ದೋಸೆ ಕೇಳಿದಳು. ನಾನು ಹಿಟ್ಟಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡೆ.

ಆ ಚೀಟಿ ಇನ್ನೂ ಅಲ್ಲೇ ಇದೆ. ಹೋದ ವಾರ ತೂಕ ನೋಡಿ, 14 ಕೆಜಿ ಅಂತ ಇದ್ದದ್ದನ್ನು ಹೊಡೆದು 16 ಅಂತ ಬರೆದೆ.