ಸೀರಿ ಬಣ್ಣ ಯಾಕ ಕೆಡಿಸಿದಿ?

ಸೋಮವಾರ ಮಧ್ಯಾಹ್ನ, ನನ್ನಿಂದ ಸೀರೆ ಕೊಂಡಿದ್ದ ಒಬ್ಬ ತಾಯಿ ಬಂದು ನಮ್ಮ ಮನೆಯ ಮಂಚದ ಮೇಲೆ ಎರಡನ್ನೂ ಹಾಸಿದರು. ಒಂದು, ನಾನು ಕಳಿಸಿದ್ದ ಇಳಕಲ್ ಸೀರೆ. ನವಿಲು ಹಸಿರು ಒಡಲು, ಕೆಂಪು ಸೆರಗು. ಇನ್ನೊಂದು, ಆ ಸೆರಗಿಗೆ ಹೊಂದಲಿ ಅಂತ ಅವರು ಗುಳೇದಗುಡ್ಡದಲ್ಲಿ ಕೊಂಡ ಕುಪ್ಪಸದ ಖಣ. ಸೆರಗು ದಾಳಿಂಬೆ ಕೆಂಪು. ಖಣ ಗುಲಾಬಿ. ಪಕ್ಕ ಪಕ್ಕ ಇಟ್ಟರೆ ನೋಡಲು ಆಗುತ್ತಿರಲಿಲ್ಲ.

"ನಿನ್ನ ಫೋಟೊ ಅಂಗಡ್ಯಾಗ ತೋರಿಸಿ ತಗೊಂಡೀನಿ. ಸೊಸಿ ಫೋನಿನ್ಯಾಗ ಇದ ಬಣ್ಣ ಇತ್ತು," ಅಂದರು.

ನನ್ನ ಫೋನ್ ತೆಗೆದು ನೋಡಿದೆ. ಅವರ ಮಾತು ನಿಜ. ಫೋಟೊದಲ್ಲಿ ಸೆರಗು ಗುಲಾಬಿಯೇ ಇತ್ತು.

ಆಮೇಲೆ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಫೋಟೊ ನೋಡಿದರು. ಮತ್ತೆ ನನ್ನ ಮುಖ, ಬಾಯಿಯ ಎಡಮೂಲೆ, ಸೀರೆ ಹಿಡಿದಿದ್ದ ಬಲಗೈ. ನಾನು ಉಸಿರು ಬಿಗಿಹಿಡಿದೆ. ಈ ನೋಟ ನನಗೆ ಹೊಸದಲ್ಲ. ಇದರ ಹಿಂದೆ ಬರುವ ಪ್ರಶ್ನೆಯೂ ಹೊಸದಲ್ಲ. ಅದಕ್ಕೆ ಉತ್ತರ ಬಾಯಲ್ಲೇ ತಯಾರಿತ್ತು.

ಆ ಪ್ರಶ್ನೆ ಬರಲಿಲ್ಲ. ಅವರು ಹೇಳಿದ್ದು ಇಷ್ಟು:

"ನಿನ್ನ ಮಾರಿ ಬಣ್ಣ ನೀ ಏನರ ಮಾಡ್ಕೊ ತಂಗಿ. ಸೀರಿ ಬಣ್ಣ ಯಾಕ ಕೆಡಿಸಿದಿ?"

ಇವತ್ತು ಭಾನುವಾರ. ಆರು ದಿನದಿಂದ ಆ ಮಾತು ಕಿವಿಯಲ್ಲೇ ಇದೆ. ರೊಟ್ಟಿ ಬಡಿಯುವಾಗ, ಪಾರ್ಸಲ್ ಕಟ್ಟುವಾಗ, ರಾತ್ರಿ ದೀಪ ಆರಿಸಿದ ಮೇಲೆ.

ನನಗೆ ತೊನ್ನು ಇದೆ. ಇಷ್ಟು ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. 31ನೇ ವಯಸ್ಸಿಗೆ ಬಲಗೈ ತೋರುಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಕಾಣಿಸಿತು. ಹಿಟ್ಟು ಹತ್ತಿರಬೇಕು ಅಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಈಗ 38. ಮೂರು ಬೆರಳು, ಬಾಯಿಯ ಮೂಲೆ, ಕುತ್ತಿಗೆಯಲ್ಲಿ ಒಂದು ಕಡೆ ಇದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮ ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಕೊಂದುಹಾಕುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಅನ್ನುವುದು ಸುಳ್ಳು, ನಾನು ಮೀನು ಮುಟ್ಟಿದವಳೇ ಅಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ. ನನ್ನ ಬಿಳಿ ಬೆರಳಿಗೆ ಯಾವುದು ರೇಷ್ಮೆ, ಯಾವುದು ಹತ್ತಿ ಅಂತ ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಒಂದೂವರೆ ವರ್ಷ ಮುಲಾಮು ಹಚ್ಚಿದೆ. ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆಗೆ ಹೋದೆ. ಕುತ್ತಿಗೆಯದು ಬಹಳಷ್ಟು ತುಂಬಿಕೊಂಡಿತು. ತುಟಿ ಮತ್ತು ಬೆರಳ ತುದಿ ಚಿಕಿತ್ಸೆಗೆ ಬಗ್ಗುವುದು ಕಷ್ಟ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಸುಳ್ಳು ಆಸೆ ಹುಟ್ಟಿಸದ ಆ ಡಾಕ್ಟರ ಮೇಲೆ ನನಗೆ ಈಗಲೂ ಗೌರವ ಇದೆ.

ನವನಗರದ ನಮ್ಮ ಮನೆಯಿಂದಲೇ ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಮಾರುತ್ತೇನೆ. ಮೂರು ವರ್ಷವಾಯಿತು. ಹದಿನೈದು ದಿನಕ್ಕೊಮ್ಮೆ ಇಳಕಲ್‌ಗೆ ಹೋಗಿ ನೇಕಾರರ ಮನೆಯಿಂದಲೇ ತರುತ್ತೇನೆ. ಒಡಲು ಹತ್ತಿಯೋ, ಸೆರಗು ರೇಷ್ಮೆಯೋ ಅಥವಾ ಚಮಕ ಅನ್ನುವ ಕೃತಕ ರೇಷ್ಮೆಯೋ, ಮಗ್ಗ ಕೈಯದ್ದೋ ವಿದ್ಯುತ್ತಿನದ್ದೋ, ಎಲ್ಲಾ ಬರೆಯುತ್ತೇನೆ. ರೇಷ್ಮೆ ಅಲ್ಲದ್ದಕ್ಕೆ ಒಂದು ಸಲವೂ ರೇಷ್ಮೆ ಅಂತ ಬರೆದಿಲ್ಲ. ಇದು ನನ್ನ ಹೆಮ್ಮೆಯಾಗಿತ್ತು. ಅದಕ್ಕೇ ಸೋಮವಾರದ ಮಾತು ಅಷ್ಟು ಆಳಕ್ಕೆ ಇಳಿಯಿತು ಅನಿಸುತ್ತದೆ.

ಮೊದಲೆಲ್ಲ ಇನ್‌ಸ್ಟಾಗ್ರಾಮ್‌ನಲ್ಲೇ ಇದ್ದ ಒಂದು ಫಿಲ್ಟರ್ ಬಳಸುತ್ತಿದ್ದೆ. 2025ರ ಜನವರಿಯಲ್ಲಿ ಹೊರಗಿನವರು ಮಾಡಿದ ಫಿಲ್ಟರ್‌ಗಳನ್ನೆಲ್ಲ ಅಲ್ಲಿಂದ ತೆಗೆದರು. ಅವತ್ತು ನನಗೆ ಕೈಕಾಲು ಆಡಲಿಲ್ಲ. ಸಂಜೆಯೊಳಗೆ ಬೇರೆ ಆ್ಯಪ್ ಹಾಕಿಕೊಂಡೆ. ಅದರಲ್ಲಿ ಚರ್ಮದ ಬಣ್ಣ ಸಮ ಮಾಡುವ ಒಂದು ಗೆರೆ ಇದೆ. ಬೆರಳಿಂದ ಬಲಕ್ಕೆ ಎಳೆದರೆ ಸಾಕು, ಬಾಯಿಯ ಮೂಲೆಯದು ಮಾಯ. ನಾನು ಎಳೆಯುತ್ತಿದ್ದೆ, ಮುಖ ನೋಡುತ್ತಿದ್ದೆ, ಹಾಕುತ್ತಿದ್ದೆ. ಸೆರಗಿನ ಕಡೆ ಕಣ್ಣೇ ಹೋಗುತ್ತಿರಲಿಲ್ಲ. ಆ ಆ್ಯಪ್ ಚರ್ಮ ಯಾವುದು, ಬಟ್ಟೆ ಯಾವುದು ಅಂತ ನೋಡುವುದಿಲ್ಲ. ಕೆಂಪು, ಕಿತ್ತಳೆ ಕಡೆಯ ಬಣ್ಣಗಳನ್ನು ಹುಡುಕಿ ತಿಳಿ ಮಾಡುತ್ತದೆ. ನಮ್ಮ ಮೈಬಣ್ಣ ಬರುವುದು ಆ ಸಾಲಿನಲ್ಲೇ. ಇಳಕಲ್ ಸೆರಗಿನ ಕೆಂಪೂ ಅದೇ ಸಾಲಿನದು.

ಒಂದೇ ಚೌಕಟ್ಟಿನಲ್ಲಿ ನಾನೂ ಇದ್ದೇನೆ, ಸೀರೆಯೂ ಇದೆ. ನನ್ನದೊಂದೇ ಮುಚ್ಚಿ ಸೀರೆಯದು ನಿಜ ತೋರಿಸಲು ಬರಲಿಲ್ಲ.

ಸೋಮವಾರ ಅವರಿಗೆ ಚಹಾ ಮಾಡಿ ಕೊಟ್ಟೆ. ಕಪ್ಪು ಬಸಿ ಕೊಡುವಾಗ ನನ್ನ ಬೆರಳು ಅವರ ಕೈಗೆ ತಾಗಿತು. ಅವರು ಗಮನಿಸಲೂ ಇಲ್ಲ, ಬಸಿಗೆ ಸುರಿದುಕೊಂಡು ಊದಿ ಕುಡಿದರು. ಸುಮ್ನೆ ಹೇಳುತ್ತಿಲ್ಲ, ನಾನು ಇಂಥದ್ದನ್ನು ಎಣಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಸೀಮಂತದಲ್ಲಿ ಬಸುರಿಗೆ ಉಡಿ ತುಂಬಲು ಎದ್ದಾಗ, ಗಂಡನ ಕಡೆಯ ಹಿರಿಯರೊಬ್ಬರು ನನ್ನ ಭುಜ ಮೆಲ್ಲಗೆ ಒತ್ತಿ, "ನೀ ಕುಂದರು ಯವ್ವಾ, ಬ್ಯಾರೆಯವ್ರು ತುಂಬ್ತಾರ" ಅಂದಿದ್ದರು. ದನಿಯಲ್ಲಿ ಪ್ರೀತಿಯೇ ಇತ್ತು. ಕೈಯಲ್ಲಿದ್ದ ಕೊಬ್ಬರಿ ಬಟ್ಟಲು ಎಲ್ಲಿಡಬೇಕು ಅಂತ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಆ ವಾರವೇ ಮೊದಲ ಸಲ ಫೋಟೊ ತಿದ್ದಿದ್ದು.

ಹಾಗಾಗಿ ಫೋಟೊ ತಿದ್ದುವವರನ್ನೆಲ್ಲ ಸುಳ್ಳುಗಾರರು ಅನ್ನುವವರ ಜೊತೆ ನಾನು ಸೇರಲಾರೆ. ಯಾರು ಯಾವ ಸೀಮಂತದಿಂದ ಎದ್ದು ಬಂದಿದ್ದಾರೋ ಯಾರಿಗೆ ಗೊತ್ತು, ಅಲ್ವಾ? ಜೂನ್ 25 ವಿಶ್ವ ತೊನ್ನು ದಿನ. ಪ್ರತಿ ವರ್ಷ ಅವತ್ತು ಎಷ್ಟೋ ಹೆಣ್ಣುಮಕ್ಕಳು ತಮ್ಮ ಮುಖ ಇದ್ದ ಹಾಗೆ ಹಾಕುತ್ತಾರೆ. ನಾನು ಲೈಕ್ ಒತ್ತಿ ಮುಂದೆ ಹೋಗುತ್ತಿದ್ದೆ. ಅವರ ಧೈರ್ಯ ಕಂಡು ಕಣ್ಣು ತುಂಬುತ್ತಿತ್ತು, ಆದರೂ ಅದು ನನ್ನ ಕೆಲಸ ಅಂತ ಒಮ್ಮೆಯೂ ಅನಿಸಿರಲಿಲ್ಲ. ನನ್ನ ಚರ್ಮದ ಲೆಕ್ಕ ಜಗತ್ತಿಗೆ ಕೊಡಬೇಕಾದ ಸಾಲವಲ್ಲ. ಇದನ್ನು ಈಗಲೂ ನಂಬುತ್ತೇನೆ.

ಆದರೆ ಸೀರೆಯ ಲೆಕ್ಕ ಕೊಡಬೇಕು. ಆ ತಾಯಿ ಬಿಸಿಲಲ್ಲಿ ಬಸ್ಸಿಗೆ ನಿಂತು, ಸೊಸೆಯ ಫೋನ್ ಹಿಡಿದು ಅಂಗಡಿ ಅಂಗಡಿ ಸುತ್ತಿ ಖಣ ಆರಿಸಿದ್ದಾರೆ. ಪಂಚಮಿಗೆ ಮಗಳು ತವರಿಗೆ ಬರುತ್ತಾಳೆ, ಅವಳಿಗೆ ಅಂತ. ಅವರು ನನ್ನ ಮುಖವನ್ನು ಪ್ರಶ್ನಿಸಲಿಲ್ಲ. ಅದು ನನ್ನದು, ನನಗೇ ಬಿಟ್ಟರು. ಸೀರೆ ಮಾತ್ರ ಅವರದು. "ನೀ ಏನರ ಮಾಡ್ಕೊ" ಅನ್ನುವ ಮಾತಿನಲ್ಲಿ ಇಷ್ಟು ಮರ್ಯಾದೆ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಯಜಮಾನರಿಗೆ ರಾತ್ರಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಒಂದ ಗೊಂಬಿ ತಂದ ಬಿಡೂಣು. ಗೊಂಬಿಗೆ ಉಡಿಸಿ ಫೋಟೊ ತಗಿ, ಚಿಂತಿನ ಇಲ್ಲ," ಅಂದರು. ಒಳ್ಳೆಯ ಮನುಷ್ಯ. ನಾನು ನೋಯಬಾರದು ಅಂತಲೇ ಹೇಳಿದ್ದು. ಆದರೆ ಈ ವಾರ ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಆ ಗೊಂಬೆಯ ಮಾತಿಗೆ. ಯಾಕೆ ಅಂತ ಅವರಿಗೆ ಬಿಡಿಸಿ ಹೇಳಲು ಇನ್ನೂ ಆಗಿಲ್ಲ.

ಮಂಗಳವಾರ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ನಾನೇ ಗುಳೇದಗುಡ್ಡಕ್ಕೆ ಹೋದೆ. ಫೋನ್ ಹೊರಗೆ ತೆಗೆಯಲಿಲ್ಲ. ಸೆರಗನ್ನೇ ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಖಣ ಪಕ್ಕಕ್ಕಿಟ್ಟು ನೋಡಿದೆ. ಒಂಬತ್ತನೆಯದು ಕೂಡಿತು. ಗುಲಾಬಿ ಖಣದ ದುಡ್ಡು ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಸೀರೆ, ಖಣ ಎರಡನ್ನೂ ಅವರ ಮನೆಗೆ ಮುಟ್ಟಿಸಿ ಬಂದೆ.

ಬುಧವಾರ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತಾಗ ನಾರ್ವೆ ದೇಶದ ಕಾನೂನಿನ ವಿಷಯ ಸಿಕ್ಕಿತು. ಅಲ್ಲಿ 2022ರ ಜುಲೈನಿಂದ, ಜಾಹೀರಾತಿನ ಫೋಟೊದಲ್ಲಿ ಮೈಯ ಆಕಾರ, ಗಾತ್ರ ಅಥವಾ ಚರ್ಮ ತಿದ್ದಿದ್ದರೆ ಅದನ್ನು ಫೋಟೊದ ಮೇಲೆಯೇ ಹೇಳಬೇಕು. ಸೋಶಿಯಲ್ ಮೀಡಿಯಾದಲ್ಲಿ ದುಡ್ಡು ತೆಗೆದುಕೊಂಡು ಹಾಕುವವರಿಗೂ ಇದೇ ನಿಯಮ. ಮನೆಯವರ ಜೊತೆಗಿನ ಫೋಟೊಗೆ ಇದಿಲ್ಲ. ಮಾರಲು ಹಾಕಿದ್ದಕ್ಕೆ ಮಾತ್ರ. ಆ ತಾಯಿ ಒಂದೇ ವಾಕ್ಯದಲ್ಲಿ ಎಳೆದ ಗೆರೆಯೂ ಹೆಚ್ಚುಕಡಿಮೆ ಅದೇ.

ಗುರುವಾರ ಬೆಳಿಗ್ಗೆ ಮೋಡ ಇತ್ತು. ಮೋಡದ ಬೆಳಕಿನಲ್ಲಿ ಸೀರೆಯ ಬಣ್ಣ ಇದ್ದ ಹಾಗೆ ಕಾಣುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಇನ್ನೊಂದು ಸೀರೆ ಬಿಡಿಸಿದೆ.

ಇಲ್ಲಿ ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಇಳಕಲ್ ಕೈಮಗ್ಗದ ಸೀರೆಯಲ್ಲಿ ಒಡಲೂ ಸೆರಗೂ ಸೇರುವ ಜಾಗವನ್ನು ಹತ್ತಿರದಿಂದ ನೋಡಬೇಕು. ಒಡಲಿನ ಹಾಸಿನ, ಅಂದರೆ ಉದ್ದುದ್ದ ಬರುವ, ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೈಮಗ್ಗದ ಗುರುತು ಕೇಳಿದವರಿಗೆಲ್ಲ ನಾನು ಮೊದಲು ತೋರಿಸುವುದು ಈ ಕೊಂಡಿ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಡಿದರೆ ಮಾತ್ರ ಕಾಣುತ್ತದೆ. ನನ್ನ ವಿಡಿಯೊಗಳಲ್ಲಿ ಹಾಗೆ ಹಿಡಿದಿರುವ ಕೈ ನನ್ನದಲ್ಲ, ನಾದಿನಿಯದು. "ಬಾರವಾ, ಒಂದ ನಿಮಿಷ ಹಿಡಿ" ಅಂತ ಕರೆದರೆ ಅಡುಗೆ ಬಿಟ್ಟು ಬರುತ್ತಿದ್ದಳು. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಅದಕ್ಕೆ ಅವಳಿಗೆ ಋಣಿ. ಕೇಳಿದ್ದರೆ ಚೆನ್ನಾಗಿತ್ತು ಅಂತಲೂ ಕೆಲವೊಮ್ಮೆ ಅನಿಸುತ್ತದೆ. ಕೆಳಗೆ ಬರುವ ಕಾಮೆಂಟುಗಳಲ್ಲಿ "ನಿಮ್ಮ ಕೈ ಎಷ್ಟು ಚಂದ" ಅಂತ ಯಾರಾದರೂ ಬರೆದರೆ ನಾನು ಥ್ಯಾಂಕ್ಸ್ ಹೇಳಿದ್ದೂ ಇದೆ.

ಗುರುವಾರ ನನ್ನ ಬಲಗೈಯಲ್ಲೇ ಹಿಡಿದೆ. ಕೆಂಪು ಸೆರಗಿನ ಮೇಲೆ ಮೂರು ಬಿಳಿ ಬೆರಳ ತುದಿ. ನಡುವೆ ಸಣ್ಣ ಸಣ್ಣ ಕೊಂಡಿಗಳು. 40 ಸೆಕೆಂಡಿನ ವಿಡಿಯೊ. ಯಾವ ಗೆರೆಯನ್ನೂ ಎಳೆಯದೆ ಹಾಕಿದೆ. ಕೆಳಗೆ ಬರೆದೆ: ಹಿಂದಿನ ಕೆಲವು ಫೋಟೊಗಳಲ್ಲಿ ನಾನು ಮುಖ ತಿದ್ದಿದ್ದೆ, ಅದರಿಂದ ಸೆರಗಿನ ಬಣ್ಣವೂ ಬದಲಾಗಿದೆ. ಯಾರಿಗಾದರೂ ಬಣ್ಣ ಬೇರೆ ಬಂದಿದ್ದರೆ ವಾಪಸ್ ಕಳಿಸಿ, ದುಡ್ಡು ಕೊಡುತ್ತೇನೆ.

ಇಬ್ಬರು ವಾಪಸ್ ಕಳಿಸುತ್ತೇವೆ ಅಂದಿದ್ದಾರೆ. ಒಬ್ಬರು ಕೈಗೆ ಏನಾಗಿದೆ ಅಂತ ಕೇಳಿದರು. ತೊನ್ನು ಅಂತ ಒಂದೇ ಪದ ಬರೆದೆ. ಬರೆದ ಮೇಲೆ ಬಹಳ ಹೊತ್ತು ಆ ಪದವನ್ನೇ ನೋಡುತ್ತಿದ್ದೆ. ಮೂರು ಜನ ಔಷಧಿ ಹೇಳಿದರು. ಅವರ ಮನಸ್ಸು ಒಳ್ಳೆಯದಿರಬಹುದು, ಆದರೆ ಸೀರೆ ನೋಡಲು ಬಂದವರು ಔಷಧಿ ಯಾಕೆ ಹೇಳಬೇಕು ಅಂತ ಬೇಜಾರಾಯಿತು.

ಶುಕ್ರವಾರ ಬೆಳಗಾವಿಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. "ಅಕ್ಕಾ, ಅದನ್ನ ಮದ್ಲ ತಗಿ. ನಾಳಿ ಹುಡುಗಿ ಲಗ್ನ ಮಾಡೂದಿಲ್ಲೇನು?" ಅವಳು ಕೆಟ್ಟವಳಲ್ಲ. ಚಿಕಿತ್ಸೆಯ ದಿನಗಳಲ್ಲಿ ನನ್ನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ಅವಳೊಬ್ಬಳೇ. ಅದಕ್ಕೇ ಆ ಮಾತು ತಳ್ಳಿಹಾಕಲು ಆಗುತ್ತಿಲ್ಲ. ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ನಿಜ, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಇದು ನನಗೆ ಗೊತ್ತು. ನಾಳೆ ಕನ್ಯೆ ನೋಡಲು ಬರುವವರು ಇದನ್ನು ಕೇಳಿಸಿಕೊಳ್ಳುವ ತನಕ ಕೂತಿರುತ್ತಾರಾ? ವಿಡಿಯೊ ಹಾಕುವ ಮೊದಲು ನಾನು ಮಗಳನ್ನು ಕೇಳಲೇ ಇಲ್ಲ. 13 ವರ್ಷದವಳು. ಕೇಳಬೇಕಿತ್ತು.

ಅವತ್ತು ಸಂಜೆ ಕೇಳಿದೆ. ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದಳು. ಹಿಂದೆ ತಿರುಗದೆ ಹೇಳಿದಳು: "ನಮ್ಮ ಕ್ಲಾಸಿನಾವ್ರಿಗೆಲ್ಲಾ ಗೊತ್ತೈತಲ್ಲವ್ವಾ. ನೀ ಗ್ಯಾದರಿಂಗಿಗೆ ಬಂದಿದ್ದೆಲ್ಲ."

ನನ್ನ ಕೈ ಜಡೆಯ ಮೇಲೆ ನಿಂತಿತು. ಸಂತೆಗೆ ಹೋಗುತ್ತೇನೆ, ಗುಡಿಗೆ ಹೋಗುತ್ತೇನೆ, ಶಾಲೆಗೆ ಹೋಗುತ್ತೇನೆ. ಊರೆಲ್ಲ ನೋಡಿದ ಕೈಯನ್ನು ಊರೇ ಗೊತ್ತಿಲ್ಲದವರಿಂದ ಮುಚ್ಚಿಡಲು ಮೂರು ವರ್ಷ ಎಷ್ಟು ರಾತ್ರಿ ಕಳೆದೆ. ನೋಡಿದವರು ನೋಯಿಸಿದ್ದರು, ನೋಡದವರ ಮುಂದೆ ಬಚ್ಚಿಟ್ಟುಕೊಂಡೆ. ಅವಳು "ಎಳಿಬ್ಯಾಡವ್ವಾ, ಬ್ಯಾನಿ ಆಗ್ತೈತಿ" ಅಂದಾಗಲೇ ಕೂದಲನ್ನು ಬಿಗಿಯಾಗಿ ಹಿಡಿದಿದ್ದು ಗೊತ್ತಾಯಿತು.

ನಿನ್ನೆ ಆ ತಾಯಿ ಫೋನ್ ಮಾಡಿದ್ದರು. ವಿಡಿಯೊ ನೋಡಿದ್ದಾರೋ ಇಲ್ಲವೋ ತಿಳಿಯಲಿಲ್ಲ, ಅದರ ಮಾತೇ ಎತ್ತಲಿಲ್ಲ. ಟೇಲರ್ ಹತ್ತಿರ ಖಣ ಹೊಲಿಸಿ ತಂದು ಸೀರೆಯ ಜೊತೆ ಇಟ್ಟು ನೋಡಿದರಂತೆ.

"ಈಗ ಬರೊಬ್ಬರಿ ಐತಿ ನೋಡು," ಅಂದರು. "ಶೇಂಗಾ ಉಂಡಿ, ಎಳ್ಳ ಉಂಡಿ ಎಲ್ಲಾ ಕಟ್ಟಾಕ ಹತ್ತೀವಿ. ಪಂಚಮಿಗೆ ಮಗಳನ್ನ ಕರಕೊಂಡ ಬಾ. ನಮ್ಮ ಹುಡುಗಿಗೆ ನೀನ ಉಡಿ ತುಂಬೀಯಂತ."

ಹೂಂ ಅಂದೆ. ಬೇರೆ ಏನೂ ಬಾಯಿಂದ ಹೊರಡಲಿಲ್ಲ. ಫೋನ್ ಇಟ್ಟ ಮೇಲೆ ನೋಡಿದೆ, ಬೆಳಗಾವಿಯ ತಂಗಿಯದು ಎರಡು ಮಿಸ್ಡ್ ಕಾಲ್ ಇದ್ದವು. ಇನ್ನೂ ವಾಪಸ್ ಮಾಡಿಲ್ಲ.